ಬಾಯಿ ಹೊಲಿದ ಪುಸ್ತಕಗಳು

ಲೋರ್ನಾ ತನ್ನ ಕಾದಂಬರಿಯ ಮೂರನೆಯ ಸಂಪುಟವನ್ನು ಉಣ್ಣೆಯ ಚೀಲದೊಳಗೆ ತೂರಿಸುತ್ತಿದ್ದಳು. ಹಟಮಾರಿ ಮಗುವಿಗೆ ಕಾಲುಚೀಲ ಹಾಕಿದ ಹಾಗೆ, ಒಂದು ಮೂಲೆ ಒಳಗೆ ಹೋದರೆ ಇನ್ನೊಂದು ಹೊರಗೆ ಬರುತ್ತಿತ್ತು. ಬೆಂಕಿ ಆರಿಸುವ ಲಾರಿಗಳನ್ನು ಹೊರಗೆ ಮಂಜಿನಲ್ಲಿ ನಿಲ್ಲಿಸಿ, ಅವುಗಳ ಶೆಡ್ಡಿನಲ್ಲಿ ಮೇಜುಗಳನ್ನು ಸಾಲಾಗಿ ಜೋಡಿಸಿದ್ದರು. ನೆಲದಿಂದ ಡೀಸೆಲ್ ವಾಸನೆ, ಅಡುಗೆ ಮೂಲೆಯಿಂದ ಮೀನಿನ ಸಾರಿನ ವಾಸನೆ. ಕ್ರಿಸ್ಮಸ್ಸಿಗೆ ಮುಂಚಿನ ಕರಕುಶಲ ಸಂತೆ ಎಂದರೆ ಅವಳಿಗೆ ಇವೆರಡೂ ಬೆರೆತ ವಾಸನೆಯೇ.

"ಅಷ್ಟು ಬಿಗಿಯಾಗಿ ಯಾಕೆ ಹೆಣೆದೆಯೇ? ಉಸಿರುಕಟ್ಟಿ ಸಾಯುತ್ತೆ ಪಾಪ ಅದು," ಎಂದಳು ಪಕ್ಕದ ಮೇಜಿನ ಥೆಲ್ಮಾ. ಅವಳದು ಜಾಮು, ಉಪ್ಪಿನಕಾಯಿಯ ಮೇಜು. ಇಬ್ಬರೂ ಒಟ್ಟಿಗೆ ಶಾಲೆಗೆ ಹೋದವರು.

"ಸಡಿಲ ಮಾಡಿದ್ರೆ ಜಾರಿ ಬೀಳುತ್ತೆ ಕಣೇ."

ಚೀಲ ಹೆಣೆಯುವ ಯೋಚನೆ ಲೋರ್ನಾಳದಲ್ಲ. ಕಳೆದ ವರ್ಷದ ಸಂತೆ ಮುಗಿಯುವ ಹೊತ್ತಿಗೆ, ಅದನ್ನು ನಡೆಸುವ ಬರ್ನಡೆಟ್ ಬಂದು ಅವಳ ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಜನ ಆಕ್ಷೇಪಣೆ ಮಾಡ್ತಿದ್ದಾರೆ ಮಗಾ. ಇಲ್ಲಿ ಕೈಯಿಂದ ಮಾಡಿದ್ದು ಮಾತ್ರ. ನಿನ್ನದು ಮಿಷನ್ನಲ್ಲಿ ಮಾಡಿದ್ದು."

"ನಾನು ಪೆನ್ಸಿಲ್ ಹಿಡಿದು ಬರೆಯೋದು ಬರ್ನಡೆಟ್."

"ಬರೆದದ್ದು ಕೈ ಇರಬಹುದು. ಮಾಡಿದ್ದು ಮಿಷನ್ನೇ. ಇಡೀ ಕೇಪ್ ಬ್ರೆಟನ್‌ ದ್ವೀಪದಲ್ಲಿ ಈ ಮೇಜುಗಳಿಗೆ ಎಷ್ಟು ಜನ ಕಾಯ್ತಿದ್ದಾರೆ ಗೊತ್ತಾ ನಿಂಗೆ? ಮುಂದಿನ ಸಲ ಏನಾದರೂ ಕೈಕೆಲಸ ತಾ, ಬೇಡ ಅನ್ನಲ್ಲ. ಅದು ಹೇಗೆ ಹೋಗುತ್ತೆ ನೋಡಿ ಆಮೇಲೆ ಮೇಜಿನ ವಿಷಯ ಹೇಳ್ತೀನಿ."

ಈ ಮೇಜು ಹೋದರೆ ಅವಳ ಕಾದಂಬರಿಯ ನಾಯಕಿ ಕಿರ್ಸ್ಟಿಯ ಕಥೆಗೆ ಮನುಷ್ಯರ ಮುಖ ನೋಡುವ ದಾರಿಯೇ ಇರಲಿಲ್ಲ. ಪ್ರಕಾಶಕರು ಬೇಡವೆಂದ ಮೇಲೆ ಲೋರ್ನಾ ತಾನೇ ಅಚ್ಚು ಹಾಕಿಸಿದ್ದಳು. ಊರಿನ ಪುಸ್ತಕದಂಗಡಿ ಮುಚ್ಚಿಹೋಗಿತ್ತು. ಇಂಟರ್ನೆಟ್ಟಿನಲ್ಲಿಟ್ಟದ್ದು ಸಮುದ್ರಕ್ಕೆ ಸುರಿದ ಉಪ್ಪಿನಂತೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನಾಲ್ಕನೆಯ ಸಂಪುಟದ ಕೊನೆಯಲ್ಲಿ ಕಿರ್ಸ್ಟಿ ದೀಪಸ್ತಂಭದ ದ್ವೀಪದಲ್ಲಿ ಒಬ್ಬಳೇ ಉಳಿದಿದ್ದಾಳೆ. ಸುತ್ತಲೂ ಹಿಮಗಡ್ಡೆ, ಗಂಡ ಹೋದ ದೋಣಿ ಮರಳಿಲ್ಲ. ಯಾರಾದರೂ ಒಬ್ಬರು ಬಂದು "ಮುಂದೇನಾಯ್ತು?" ಎಂದು ಕೇಳಲಿ, ಐದನೆಯದನ್ನು ಆಗ ಶುರುಮಾಡುತ್ತೇನೆ ಎಂದುಕೊಂಡು ಲೋರ್ನಾ ಅವಳನ್ನು ಅಲ್ಲಿಯೇ ಬಿಟ್ಟಿದ್ದಳು. ಯಾರೂ ಕೇಳಿರಲಿಲ್ಲ. ಕೇಳುವವರು ಸಿಗುವುದಿದ್ದರೆ ಈ ಮೇಜಿನ ಮುಂದೆಯೇ ಸಿಗಬೇಕಿತ್ತು. ಹಾಗಾಗಿ ಬೇಸಗೆಯೆಲ್ಲ ಕುಳಿತು ಪುಸ್ತಕದ ಅಳತೆಗೆ ಚೀಲ ಹೆಣೆದಳು. ಅಲೆಯ ನೀಲಿ, ಪಾಚಿಯ ಹಸಿರು, ಕಿರ್ಸ್ಟಿಯ ಶಾಲಿನ ಕೆಂಪು. ಚೀಲ ಕಣ್ಣಿಗೆ ಬಿದ್ದರೆ ಕೈ ತಾನಾಗಿ ಪುಸ್ತಕದ ಮೇಲೆ ಬೀಳುತ್ತದೆ ಎಂದು ಅವಳ ಲೆಕ್ಕ.

ಬಾಗಿಲು ತೆರೆದು ಜನ ಒಳಗೆ ನುಗ್ಗಿದರು. ಮೊದಲು ಬಂದ ಹೆಂಗಸು ಕೆಂಪು ಚೀಲವನ್ನು ಎತ್ತಿ ಕೆನ್ನೆಗೊತ್ತಿಕೊಂಡಳು. "ಅಯ್ಯೋ, ಎಷ್ಟು ಮೆತ್ತಗಿದೆ! ಊರಿನ ಉಣ್ಣೆನಾ?"

"ಊರಿನದೇ. ಒಳಗಿರೋದು ಎರಡನೇ ಸಂಪುಟ. ಮೊದಲನೆಯದರಿಂದ ಶುರು ಮಾಡೋದಾದ್ರೆ..."

ಹೆಂಗಸು ಆಗಲೇ ಪುಸ್ತಕವನ್ನು ಹೊರಗೆಳೆದು, ಬಟಾಣಿಯ ಸಿಪ್ಪೆ ಬಿಡಿಸಿದಷ್ಟು ಸಲೀಸಾಗಿ ಪಕ್ಕಕ್ಕಿಟ್ಟಿದ್ದಳು. "ಇದಷ್ಟೇ ಕೊಡಿ. ಬಿಸಿನೀರಿನ ಬಾಟಲಿಗೆ ಸರಿಯಾಗುತ್ತೆ."

ಆಮೇಲೆ ಬಂದವರೂ ಅದನ್ನೇ ಮಾಡಿದರು. ಒಬ್ಬಳು ಕನ್ನಡಕಕ್ಕೆಂದಳು, ಒಬ್ಬಳು ಟ್ಯಾಬ್ಲೆಟ್ಟಿಗೆಂದಳು. ಒಬ್ಬ ಗಂಡಸು ತನ್ನ ನಾಯಿಯ ಮೂತಿಗೆ ಹಿಡಿದು ನೋಡಿ ನಕ್ಕ. ಮೇಜಿನ ಒಂದು ಕಡೆ ಪುಸ್ತಕಗಳು ಬತ್ತಲೆಯಾಗಿ ಗುಡ್ಡೆ ಬಿದ್ದವು. ಲೋರ್ನಾ ಚಿಲ್ಲರೆ ಕೊಟ್ಟಳು, ಮುಗುಳ್ನಕ್ಕಳು. ಹೆಣೆಯುವ ಹೆಂಗಸನ್ನು ಕಂಡರೆ ಜನಕ್ಕೆ ನೆಮ್ಮದಿ. ಸುಮ್ಮನೆ ಕೂತು ಯೋಚಿಸುವ ಹೆಂಗಸನ್ನು ಕಂಡರೆ ಏನಾಯ್ತು, ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಅವಳ ಮನೆಯಲ್ಲೂ ಹಾಗೆಯೇ. ಇಷ್ಟು ವರ್ಷ ಅವಳು ಬರೆಯಲು ಕೂತಾಗಲೆಲ್ಲ "ಬಿಡುವಾಗಿದ್ದೀಯಾ?" ಎಂದು ಕೇಳುತ್ತಿದ್ದ ಗಂಡ ಆಂಗಸ್, ಈ ಬೇಸಗೆಯಲ್ಲಿ ಉಣ್ಣೆ ಹಿಡಿದವಳನ್ನು ನೋಡಿ ಕಾಲ್ತುದಿಯಲ್ಲಿ ನಡೆದಾಡಿದ್ದ.

ಬರ್ನಡೆಟ್ ಸುತ್ತು ಹೊಡೆಯುತ್ತ ಬಂದು ಗುಂಪನ್ನು ಕಂಡು ಕಣ್ಣರಳಿಸಿದಳು. "ನೋಡು, ನಿನ್ನ ಕೈಯಲ್ಲಿ ಇಷ್ಟೆಲ್ಲ ಇತ್ತು! ಎಲ್ಲಿ ಬಚ್ಚಿಟ್ಟಿದ್ದೆ ಇಷ್ಟು ದಿನ?"

"ಪುಸ್ತಕ ಯಾರೂ ತಗೊಳ್ತಿಲ್ಲ ಬರ್ನಡೆಟ್."

"ಹೋಗಲಿ ಬಿಡು ಚಿನ್ನ. ಅದರ ಮೈಗೆ ಹೊದಿಸಿದ್ದಾದರೂ ಹೋಗ್ತಿದೆಯಲ್ಲ."

ಅವಳು ಅತ್ತ ಹೋದ ಮೇಲೆ ಲೋರ್ನಾ ಖಾಲಿಯಾಗಿ ಉಳಿದಿದ್ದ ಚೀಲಗಳನ್ನು ಮೇಜಿನ ಕೆಳಕ್ಕೆ ಎಳೆದುಕೊಂಡಳು. ಬತ್ತಲೆ ಪುಸ್ತಕಗಳನ್ನು ಒಂದೊಂದಾಗಿ ಅವುಗಳೊಳಗೆ ತುರುಕಿ, ದಬ್ಬಳಕ್ಕೆ ಉಣ್ಣೆ ಪೋಣಿಸಿ ಚೀಲದ ಬಾಯಿ ಹೊಲಿಯತೊಡಗಿದಳು. ಅವಸರದಲ್ಲಿ ಎರಡು ಸಲ ಬೆರಳಿಗೇ ಚುಚ್ಚಿಕೊಂಡಳು.

"ಏನೇ ಮಾಡ್ತಿದ್ದೀಯಾ ಅಲ್ಲಿ ಕೆಳಗೆ?" ಥೆಲ್ಮಾ ಬಗ್ಗಿ ನೋಡಿದಳು.

"ಬಾಯಿ ಸಡಿಲ ಇತ್ತು. ಬಿಗಿ ಮಾಡ್ತಿದ್ದೀನಿ."

ಚೀಲಕ್ಕಿದ್ದ ಬೆಲೆಗೇ ಕೊಟ್ಟಳು. ಜನ ಅದನ್ನೂ ಕೊಂಡರು. "ಭಾರ ಇದೆಯಲ್ಲ, ಒಳಗೇನು?" ಎಂದವರಿಗೆ, "ಆಕಾರ ಕೆಡದ ಹಾಗೆ," ಎಂದಳು. ಒಬ್ಬ ಮುದುಕ ಕೈಯಲ್ಲಿ ತೂಗಿ ನೋಡಿ, "ನಮ್ಮ ಹಿಂಬಾಗಿಲು ಗಾಳಿಗೆ ಬಡ್ಕೊಳ್ಳುತ್ತೆ. ಅಡ್ಡ ಇಡೋಕೆ ಇಂಥದೇ ಬೇಕಿತ್ತು," ಎಂದ. ಹಸಿರಿನದೊಂದನ್ನು ಕಂಕುಳಲ್ಲಿಟ್ಟುಕೊಂಡು ಹೋದ. ಹೋಗುತ್ತಿವೆ! ಬಾಗಿಲಿಗೆ ಅಡ್ಡ ಇಡಲಿ, ತಲೆಯಡಿ ಇಟ್ಟುಕೊಳ್ಳಲಿ. ಯಾವಾಗಲೋ ಒಂದು ಚಳಿಗಾಲದಲ್ಲಿ ದಾರ ಸವೆದು, ಒಂದು ಮೂಲೆ ಹೊರಗೆ ಇಣುಕಿ, ಯಾರೋ ಒಬ್ಬರು ಬಿಚ್ಚಿ ನೋಡಿ...

ನೋಡಿ ಏನು ಓದುತ್ತಾರೆ? ದಬ್ಬಳ ಅರ್ಧಕ್ಕೇ ನಿಂತಿತು. ಹೊಲಿಯುವ ಭರದಲ್ಲಿ ಯಾವ ಚೀಲಕ್ಕೆ ಯಾವ ಸಂಪುಟ ಹೋಯಿತೆಂದು ಅವಳು ನೋಡಿರಲೇ ಇಲ್ಲ. ಕಿರ್ಸ್ಟಿಯ ಮದುವೆಯನ್ನೇ ಓದದ ಯಾರಿಗೋ ಗಂಡನ ದೋಣಿಗೆ ಕಾಯುವ ಹೆಂಡತಿ ಸಿಗಬಹುದು. ಮುದುಕನ ಹಿಂಬಾಗಿಲಲ್ಲಿ ಕಿರ್ಸ್ಟಿ ಇನ್ನೂ ಹುಡುಗಿಯಾಗಿಯೇ ಉಳಿಯಬಹುದು. ತನ್ನ ಇಷ್ಟು ವರ್ಷದ ಕಥೆಯನ್ನು ತಾನೇ ತುಂಡುಮಾಡಿ, ಒಂದರ ಗುರುತು ಇನ್ನೊಂದಕ್ಕೆ ಸಿಗದ ಹಾಗೆ ಊರಿಗೆಲ್ಲ ಹಂಚಿಬಿಟ್ಟಿದ್ದಳು.

ಆಗಲೇ ಒಬ್ಬ ಎಳೆಯ ತಾಯಿ, ಸೊಂಟದ ಮೇಲೆ ಕೂಸು, ಕೈಯಲ್ಲಿ ನೀಲಿ ಚೀಲ ಹಿಡಿದು ಮೇಜಿಗೆ ಬಂದಳು. ಚೀಲದ ಬಾಯಿಯ ಹೊಲಿಗೆ ಬಿಚ್ಚಿಕೊಂಡಿತ್ತು.

"ತಪ್ಪು ತಿಳ್ಕೋಬೇಡಿ," ಎಂದಳು. "ಬಾಟಲಿ ಹಾಕೋಣ ಅಂತ ಅಡುಗೆಯವರ ಹತ್ರ ಕತ್ತರಿ ಇಸ್ಕೊಂಡು ಬಿಚ್ಚಿದೆ. ಇದರಲ್ಲಿ ಯಾರದೋ ಪುಸ್ತಕ ಸಿಕ್ಕಿಹಾಕ್ಕೊಂಡಿದೆ."

"ನನ್ನದೇ," ಎಂದಳು ಲೋರ್ನಾ.

ತಾಯಿ ಹಿಂಬದಿಯ ಫೋಟೋ ನೋಡಿದಳು, ಮೇಜಿನ ಹಿಂದಿನ ಮುಖ ನೋಡಿದಳು. "ಅಯ್ಯೋ ದೇವರೇ, ನೀವು ಬರೆದಿದ್ದಾ! ಎಲ್ಲಾದ್ರೂ ಹಾಳಾಗ್ತಿತ್ತಲ್ಲ. ತಗೊಳ್ಳಿ." ಜೋಪಾನವಾಗಿ ಮುಂದೆ ನೀಡಿದಳು. "ನಾನು ಒಂದು ಪುಟಾನೂ ತೆರೆದಿಲ್ಲ, ಆಣೆ. ಹೊಸದಾಗೇ ಇದೆ. ಯಾರಿಗಾದ್ರೂ ಮಾರಬಹುದು."

ಲೋರ್ನಾ ಪುಸ್ತಕ ತೆಗೆದುಕೊಂಡು "ಥ್ಯಾಂಕ್ಸ್ ಕಣಮ್ಮಾ" ಎಂದಳು. ಆ ಹುಡುಗಿಯ ಮುಖದಲ್ಲಿ ಇನಿತೂ ಕೆಡುಕಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವಳು ಹೋದ ಮೇಲೆ ಥೆಲ್ಮಾ ತನ್ನ ಬಾಟಲಿಗಳನ್ನು ಬಿಟ್ಟು ಹತ್ತಿರ ಬಂದಳು. ಮೇಜಿನ ಕೆಳಗೆ ನೋಡಿದಳು. "ಎಲ್ಲದಕ್ಕೂ ಹೊಲಿದೆಯಾ?"

"ಇದ್ದದ್ದಕ್ಕೆಲ್ಲ."

"ಹುಚ್ಚಿ," ಎಂದಳು ಥೆಲ್ಮಾ ಮೆಲ್ಲಗೆ. ಆಮೇಲೆ ಲೋರ್ನಾಳ ಬೆರಳಿನ ರಕ್ತವನ್ನು ತನ್ನ ಏಪ್ರನ್ನಿನ ತುದಿಯಿಂದ ಒರೆಸಿದಳು. "ನಾನು ಓದಬೇಕಿತ್ತು ಕಣೇ. ಓದ್ತೀನಿ ಓದ್ತೀನಿ ಅಂತಲೇ..."

"ಬಿಡು."

"ಮಂಚದ ಪಕ್ಕದಲ್ಲೇ ಇದೆ, ಆಣೆಗೂ."

"ಬಿಡೇ ಥೆಲ್ಮಾ."

ಸಂತೆ ಮುಗಿಯುತ್ತಿದ್ದಂತೆ ಬರ್ನಡೆಟ್ ಮತ್ತೆ ಬಂದಳು. ಮೇಜಿನ ಮೇಲೆ ಒಂದು ಚೀಲವೂ ಉಳಿದಿರಲಿಲ್ಲ. "ಮುಂದಿನ ವರ್ಷ ಬಾಗಿಲ ಪಕ್ಕದ ಮೇಜು ನಿನಗೆ. ಒಳಗೆ ಬಂದವರ ಕಣ್ಣು ಮೊದಲು ಅಲ್ಲೇ ಬೀಳೋದು. ಪುಸ್ತಕದ ಪೆಟ್ಟಿಗೆ ಮಾತ್ರ ಮನೇಲಿ ಬಿಟ್ಟು ಬಾ, ಸುಮ್ಮನೆ ಜಾಗ ದಂಡ. ಒಪ್ಪಿಗೆ ತಾನೆ?"

ಇಷ್ಟು ವರ್ಷ ಈ ಮಾತು ಕೇಳಲು ಅವಳು ಏನು ಬೇಕಾದರೂ ಕೊಡುತ್ತಿದ್ದಳು.

"ಆಗಲಿ ಬರ್ನಡೆಟ್."

"ಹಿಮ ಕರಗಿದ ಮೇಲೆ ಉಣ್ಣೆ ಗಿರಣಿಗೆ ಇಬ್ಬರೂ ಹೋಗೋಣ," ಎಂದಳು ಥೆಲ್ಮಾ, ಅವಳನ್ನು ನಗಿಸುವ ಉತ್ಸಾಹದಲ್ಲಿ. "ಒಟ್ಟಿಗೆ ತಗೊಂಡ್ರೆ ಅಗ್ಗ ಬೀಳುತ್ತೆ."

"ಹೋಗೋಣ."

ಥೆಲ್ಮಾ ಪೆಟ್ಟಿಗೆಗಳನ್ನು ಕಾರಿಗೆ ಸಾಗಿಸಲು ಹೊರಟಳು. ಲೋರ್ನಾ ಮೇಜಿನ ಬಟ್ಟೆಯನ್ನು ಕೊಡವಿ ಮಡಿಸತೊಡಗಿದಳು. ಯಾರಾದರೂ ಕೇಳಲಿ ಎಂದು ಎಷ್ಟು ಕಾಲ ಒಂದು ಹೆಣ್ಣನ್ನು ಹಿಮಗಡ್ಡೆಯ ನಡುವೆ ನಿಲ್ಲಿಸಿದ್ದೆ ಎಂಬುದು ಅವಳಿಗೆ ಈಗ ಹೊಳೆಯಿತು. ಯಾರೂ ಕೇಳುವುದಿಲ್ಲ. ಬಾಗಿಲ ಪಕ್ಕದ ಮೇಜಿಗೆ ತಾನು ಬರುವುದೂ ಇಲ್ಲ. ಐದನೆಯದನ್ನು ಬರೆಯುವುದು, ಕಿರ್ಸ್ಟಿಯನ್ನು ದಡಕ್ಕೆ ತರುವುದು. ಅಚ್ಚು ಹಾಕಿಸುವುದು ಬೇಡ.

"ಏನೇ ಯೋಚನೆ?" ಬಾಗಿಲಿಂದ ಥೆಲ್ಮಾ ಕೂಗಿದಳು.

"ಏನೂ ಇಲ್ಲ ಕಣೇ. ಬಂದೆ," ಎಂದಳು ಲೋರ್ನಾ.