ಮೂರು ಊರಿನ ಚೀಟಿ, ಒಂದೇ ಕಾಯಿಲೆ

ಕೂಸು ಬೆಳೆಯುತ್ತಿಲ್ಲ ಎಂದರೆ ನಮ್ಮ ಊರುಗಳಲ್ಲಿ ಕಾರಣ ಹೇಳುವವರಿಗೇನೂ ಬರವಿಲ್ಲ. ಒಬ್ಬರು ದೃಷ್ಟಿ ಅನ್ನುತ್ತಾರೆ, ಒಬ್ಬರು ಬಾಲಗ್ರಹ ಅನ್ನುತ್ತಾರೆ, ಇನ್ನೊಬ್ಬರು ತಾಯಿಯ ಹಾಲನ್ನೇ ದೂರುತ್ತಾರೆ. ಜವಳಗೇರಾದ ಜಂಬಮ್ಮ ಇದನ್ನೆಲ್ಲ ನಾಲ್ಕು ವರ್ಷ ಕೇಳಿ ಕೇಳಿ ಸಾಕಾಗಿ ಹೋಗಿದ್ದಳು.

ಅವಳ ಮಗ ಗಾಳೆಪ್ಪನಿಗೆ ಈಗ ಐದು ವರ್ಷ. ಒಂದು ವರ್ಷದವರೆಗೆ ಎಲ್ಲ ಕೂಸುಗಳ ಹಾಗೆಯೇ ಬೆಳೆದ. ಆಮೇಲೆ ಒಂದೊಂದಾಗಿ ಶುರುವಾಯಿತು. ಎತ್ತರ ನಿಂತಿತು. ಹೊಟ್ಟೆ ಉಬ್ಬಿತು. ಮುಖ ದಪ್ಪಗಾಯಿತು. ಮಡಚಿದ ಬೆರಳು ನೆಟ್ಟಗಾಗಲಿಲ್ಲ. ಕಲಿತಿದ್ದ ನಾಲ್ಕು ಮಾತೂ ಮರೆತುಹೋದವು. ಕಿವಿ ಸೋರಿದರೆ ಲಿಂಗಸುಗೂರು, ಹೊಕ್ಕಳು ಉಬ್ಬಿದರೆ ಮಸ್ಕಿ, ಬೆನ್ನು ಬಾಗಿದರೆ ಸಿಂಧನೂರು. ಬಸ್ಸು ಹತ್ತಿ ಇಳಿದು ಜಂಬಮ್ಮನ ಮೊಣಕಾಲುಗಳೇ ಸವೆದಿದ್ದವು. ಮೂರು ಊರು, ಮೂವರು ಡಾಕ್ಟರು, ಮೂರು ಪ್ಲಾಸ್ಟಿಕ್ ಚೀಲ.

ಕಿವಿ ಡಾಕ್ಟರಿಗೆ ಕಿವಿಯ ಚೀಟಿ ಮಾತ್ರ, ಹೊಟ್ಟೆಯ ಡಾಕ್ಟರಿಗೆ ಹೊಟ್ಟೆಯ ಚೀಟಿ ಮಾತ್ರ. ಹಾಗೆ ಅಪ್ಪಣೆ ಕೊಟ್ಟವಳು ಅತ್ತೆ ಮುದುಕಮ್ಮ. "ಎಲ್ಲಾ ಹೇಳಿದ್ರ ಅಂಜಿಸಿ ದೊಡ್ಡ ದವಾಖಾನಿಗೆ ಕಳಿಸ್ತಾರಬೇ. ಕೇಳಿದ್ದಕ್ಕಷ್ಟ ಬಾಯಿ ಬಿಡು" ಎನ್ನುತ್ತಿದ್ದಳು. ಅತ್ತೆ ಎಂದರೆ ಬರೀ ಅತ್ತೆಯಲ್ಲ, ಜಂಬಮ್ಮನಿಗೆ ಅವಳು ತಾಯಿಯ ತಾಯಿಯೂ ಹೌದು. ಜಂಬಮ್ಮನನ್ನು ಸೋದರಮಾವ ದುರುಗೇಶನಿಗೇ ಕೊಟ್ಟಿದ್ದರು. ಹೆಣ್ಣು ಹೊರಗಿನಿಂದ ತರಬಾರದು ಎಂಬುದು ಆ ಮನೆಯ ನಡೆ.

ಒಂದು ಮಧ್ಯಾಹ್ನ ಜಂಬಮ್ಮ ಮಗನನ್ನು ಎತ್ತಿಕೊಂಡು ಸಿಂಧನೂರಿನಿಂದ ಬಂದು ಇನ್ನೂ ನೀರೂ ಕುಡಿದಿರಲಿಲ್ಲ. ಮುದುಕಮ್ಮ ಮುಖ ಎತ್ತದೆ ಹೇಳಿದಳು.

"ಸುಗ್ಗಿ ಮುಗಿದ ಮ್ಯಾಲೆ ಮಸ್ಕಿಗೆ ಹೋಗಿ ಎಲಿ-ಅಡಿಕಿ ಹಿಡದು ಬರ್ತೀವಿ. ನನ್ನ ಸಣ್ಣ ಮಗಳ ಹುಡುಗಿ ಅದಾಳಲ್ಲ, ಆಕಿನ್ನ ದುರುಗೇಶಗ ತರೋದು. ನೀನೂ ಇರು, ಯಾರು ಬ್ಯಾಡ ಅಂದಾರ? ಮನಿಗೊಂದು ಗಟ್ಟಿ ಕೂಸು ಬೇಕು. ನಿನ್ನ ಅಪ್ಪನ ಕಡೆ ರಕ್ತನ ಸುಮಾರು."

ದುರುಗೇಶ ನೆಲ ನೋಡುತ್ತ ಕುಳಿತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಜಂಬಮ್ಮನಿಗೆ ಅಳು ಬಂತು, ಅಳುವುದಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ.

ಮರುದಿನ ಓಣಿಯ ಆಶಾ ಕಾರ್ಯಕರ್ತೆ ಅರ್ಜುಮಂದ್ ಬಂದಳು. ಗಾಳೆಪ್ಪನ ಬೆರಳು ಹಿಡಿದು ನೋಡಿದಳು, ಬೆನ್ನು ಸವರಿದಳು.

"ಜಂಬಮ್ಮ, ಇವನ ಚೀಟಿ ಎಲ್ಲಾ ತಾ."

"ಯಾವ ಊರಿನವು ಅಕ್ಕ?"

"ಎಲ್ಲಾ ಊರಿನವು."

ಮೂರೂ ಚೀಲಗಳನ್ನು ನೆಲದ ಮೇಲೆ ಸುರಿದು ಅರ್ಜುಮಂದ್ ಸಾಲಾಗಿ ಜೋಡಿಸಿದಳು. ಒಂದೊಂದನ್ನೇ ಓದಿದಳು.

"ಹೊಟ್ಟಿ ಡಾಕ್ಟರಿಗೆ ಕಿವಿ ಸೋರೋದು ಹೇಳೀಯೇನು?"

"ಇಲ್ಲ."

"ಬೆನ್ನಿನ ಡಾಕ್ಟರಿಗೆ ಮಾತು ನಿಂತದ್ದು?"

"ಅದನ್ನ ಅವರು ಕೇಳಲಿಲ್ಲಕ್ಕ."

"ಆನಿ ಬಾಲ ಒಬ್ಬರಿಗೆ ತೋರ್ಸೀದಿ, ಕಾಲು ಒಬ್ಬರಿಗೆ ತೋರ್ಸೀದಿ. ಪಾಪ, ಅವರರ ಆನಿ ಅಂತ ಹೆಂಗ ಹೇಳಬೇಕು? ಇವು ಮೂರು ರೋಗ ಅಲ್ಲ ಅನ್ನಸ್ತದ ನನಗ. ನಡಿ, ಎಲ್ಲಾ ಕಾಗದ ಒಂದೇ ಚೀಲದಾಗ ಹಾಕು."

ಮುದುಕಮ್ಮ ಗೊಣಗಿದಳು. ಅರ್ಜುಮಂದ್ ಜಗಳಕ್ಕೆ ಇಳಿಯಲಿಲ್ಲ. ಅಂಗನವಾಡಿಗೆ ಬರುವ ಮಕ್ಕಳ ಆರೋಗ್ಯ ತಂಡದ ಡಾಕ್ಟರಿಗೆ ತೋರಿಸಿದಳು. ಅವರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಂದ ಕೂಸಿನ ಮೂತ್ರ ಮತ್ತು ರಕ್ತ ಪರೀಕ್ಷೆಗೆ ಬೆಂಗಳೂರಿಗೆ ಹೋದವು. ಅರ್ಜುಮಂದ್ ಪ್ರತಿ ಸಲವೂ ಆಸ್ಪತ್ರೆಗೆ ಜೊತೆಗೆ ಹೋದಳು. ಒಂದೂವರೆ ತಿಂಗಳ ಮೇಲೆ ವರದಿ ಬಂತು. ಕಾಯಿಲೆಯ ಹೆಸರು ಎಂ.ಪಿ.ಎಸ್. ಹುಟ್ಟಿನಿಂದಲೇ ಬರುವ, ವಂಶದಲ್ಲಿ ಹರಿಯುವ ಅಪರೂಪದ ಕಾಯಿಲೆ.

ಅಷ್ಟರಲ್ಲಿ ಭತ್ತ ಮನೆಗೆ ಬಂದಿತ್ತು. ವರದಿ ಬಂದ ಮರುದಿನವೇ ಮಸ್ಕಿಗೆ ಹೋಗುವುದಿತ್ತು. ಮುದುಕಮ್ಮ ಕಟ್ಟೆಯ ಮೇಲೆ ಮೊರದಲ್ಲಿ ಭತ್ತ ಕೇರುತ್ತಿದ್ದಳು. ಅರ್ಜುಮಂದ್ ಅವಳ ಪಕ್ಕದಲ್ಲೇ ಕುಳಿತಳು. ದುರುಗೇಶ, ಜಂಬಮ್ಮ ಎದುರಿಗೆ ಕುಳಿತರು.

"ಅತ್ತಿ, ಕಾಲುವಿ ಹೂಳು ಎತ್ತದಿದ್ರ ಏನಾಗ್ತದ?"

"ಏನಾಗ್ತದ, ಹೂಳು ತುಂಬಿ ನೀರು ನಿಲ್ತದ."

"ನಮ್ಮ ಮೈಯಾಗೂ ಹೂಳು ಎತ್ತೋ ಕೆಲಸ ನಡೀತಿರ್ತದ. ಈ ಕೂಸಿನ ಮೈಯಾಗ ಆ ಕೆಲಸ ಮಾಡೋ ಒಂದು ರಸ ಇಲ್ಲ. ಅದಕ್ಕ ಎಲುವು, ಹೊಟ್ಟಿ, ಕಿವಿ, ಮಿದುಳು ಎಲ್ಲಾ ಕಡೆ ಹೂಳು ತುಂಬೈತಿ."

"ಅದ ಯಾಕ ಇಲ್ಲ? ಬಸುರಿದ್ದಾಗ ಗ್ರಹಣ ಹಿಡದಾಗ ಹೊರಗ ಬಂದಿದ್ಲು ಇಕಿ."

ಅರ್ಜುಮಂದ್ ನಕ್ಕು ಮೊರದಿಂದ ಒಂದು ಗಟ್ಟಿ ಕಾಳು, ಒಂದು ಜೊಳ್ಳು ಆರಿಸಿ ಅಂಗೈಲಿಟ್ಟಳು. "ಗ್ರಹಣ ಬಿಡ್ರಿ, ಇಲ್ಲಿ ನೋಡ್ರಿ. ಒಂದೊಂದು ಕೆಲಸಕ್ಕ ನಮ್ಮ ಮೈಯಾಗ ಎರಡೆರಡು ಬೀಜ ಇರ್ತಾವ. ಒಂದು ಅವ್ವಂದು, ಒಂದು ಅಪ್ಪಂದು. ಒಂದು ಜೊಳ್ಳಾದ್ರೂ ಇನ್ನೊಂದು ಗಟ್ಟಿ ಇದ್ರ ಮನಷ್ಯಾಗ ಏನೂ ಆಗಂಗಿಲ್ಲ. ದುರುಗೇಶನ ಹತ್ರ ಒಂದು ಗಟ್ಟಿ, ಒಂದು ಜೊಳ್ಳು. ಜಂಬಮ್ಮನ ಹತ್ರನೂ ಹಂಗ. ಇಬ್ಬರೂ ಕಲ್ಲಿನಂಗ ಅದಾರ. ಕೂಸಿಗೆ ಮಾತ್ರ ಎರಡೂ ಕಡೆಯಿಂದ ಜೊಳ್ಳೇ ಬಂದಾವ. ಪ್ರತಿ ಬಸುರಿನಾಗೂ ನಾಲ್ಕರಾಗ ಒಂದು ಪಾಲು ಹಿಂಗಾಗಬಹುದು ಅಂತ ಡಾಕ್ಟರು ಹೇಳ್ಯಾರ."

ಮುದುಕಮ್ಮ ಮೊರ ಕೆಳಗಿಟ್ಟಳು. "ಇಬ್ಬರಿಗೂ ಆ ಜೊಳ್ಳು ಎಲ್ಲಿಂದ ಬಂತು ಮತ್ತ?"

ಅರ್ಜುಮಂದ್ ಮೆಲ್ಲಗೆ ಹೇಳಿದಳು. "ದುರುಗೇಶ ನಿಮ್ಮ ಮಗ. ಜಂಬಮ್ಮ ನಿಮ್ಮ ಮಗಳ ಮಗಳು. ನಿಮ್ಮಿಂದ ಬಂದಿರಬಹುದು, ಇಲ್ಲಾ ತೀರಿಹೋದ ನಿಮ್ಮ ಯಜಮಾನ್ರು ಗಾಳೆಪ್ಪಜ್ಜನಿಂದ ಬಂದಿರಬಹುದು. ನಿಮಗ್ಯಾರಿಗೂ ಅದು ಗೊತ್ತಿರಲಿಲ್ಲ. ಇದರಾಗ ಯಾರ ತಪ್ಪೂ ಇಲ್ಲ ಅತ್ತಿ."

ನಾಲ್ಕು ವರ್ಷ ಸೊಸೆಯ ಮೇಲೆ ಹೊರಿಸಿದ್ದ ಮಾತುಗಳೆಲ್ಲ ಒಮ್ಮೆಲೇ ಮುದುಕಮ್ಮನ ತಲೆಯ ಮೇಲೆ ಬಂದು ಕುಳಿತವು. "ಮಸ್ಕಿ ಹುಡುಗಿನೂ... ನನ್ನ ಮಗಳ ಮಗಳ" ಎಂದಳು.

"ಹೌದ್ರಿ. ಆಕಿ ಹತ್ರನೂ ಅದ ಜೊಳ್ಳು ಇರಬಹುದು. ಇನ್ನೊಂದು ಇಂಥಾ ಕೂಸು, ಇನ್ನೊಬ್ಬಾಕಿ ಜಂಬಮ್ಮ. ಹೇಂತಿ ಇರೋವಾಗ ಇನ್ನೊಂದು ಮದುವಿ ಮಾಡಿದ್ರ ಕಾನೂನಿಗೂ ತಪ್ಪು."

"ನಾ ಮಸ್ಕಿಗೆ ಬರಂಗಿಲ್ಲಬೇ ಯವ್ವಾ" ಎಂದ ದುರುಗೇಶ. ಇಷ್ಟು ದಿನದಲ್ಲಿ ಅವನು ಬಾಯಿ ಬಿಟ್ಟಿದ್ದು ಅಂದೇ.

"ಕೂಸು ವಾಸಿ ಆಗ್ತಾನೋ ಇಲ್ಲೋ ಅಕ್ಕ?" ಎಂದು ಜಂಬಮ್ಮ ಕೇಳಿದಳು.

"ಸುಳ್ಳು ಹೇಳಂಗಿಲ್ಲ ತಂಗಿ. ಪೂರಾ ವಾಸಿ ಆಗೋದು ಕಷ್ಟ. ಈ ರೋಗದಾಗ ಬ್ಯಾರೆ ಬ್ಯಾರೆ ನಮೂನಿ ಅದಾವ, ಕೆಲವಕ್ಕ ಔಷಧಿ ಐತಿ. ಇವಂದಕ್ಕ ಐತೇನು ಅಂತ ಡಾಕ್ಟರನ್ನ ಕೇಳೋಣು. ಮೊದಲ ಗೊತ್ತಾಗಿದ್ರ ಇನ್ನೂ ಛಲೋ ಇತ್ತು. ಈಗರ ಕಿವಿ, ಉಸಿರಾಟ, ಕೈಕಾಲು ಕಾಪಾಡೋಣು. ಇನ್ನೊಂದು ಕೂಸು ಬೇಕಂದ್ರ ಬಸುರಾಗೋಕಿಂತ ಮುಂಚೇನ ಡಾಕ್ಟರ ಸಲಹಾ ಕೇಳೋಣು. ಅದಕ್ಕೂ ಪರೀಕ್ಷಾ ಅದಾವ."

ಮುದುಕಮ್ಮ ಮಸ್ಕಿಯ ಮಗಳಿಗೆ ಫೋನು ಹಚ್ಚಿಸಿಕೊಂಡಳು. "ಎಲಿ-ಅಡಿಕಿ ಇಡಬ್ಯಾಡ. ನಿನ್ನ ಹುಡುಗಿನ್ನ ನಮ್ಮೊಳಗ ಯಾರಿಗೂ ಕೊಡಬ್ಯಾಡ. ಯಾಕಂತ ಬಂದು ಹೇಳ್ತೀನಿ" ಎಂದಳು. ಆಮೇಲೆ ಸೊಸೆಯ ಮಡಿಲಿನಿಂದ ಗಾಳೆಪ್ಪನನ್ನು ಎತ್ತಿಕೊಂಡಳು. "ಇನ್ನ ಇವನ್ನ ನಾ ಹಿಡೀತೀನಿ. ನೀ ಒಂದು ತಾಸು ಮಲಕೋ ಹೋಗವ್ವ." ಕ್ಷಮಿಸು ಎಂದು ಹೇಳಲು ಆ ಮುದುಕಿಗೆ ಬರುತ್ತಿರಲಿಲ್ಲ. ಜಂಬಮ್ಮ ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದುಕೊಂಡಳು, ಅತ್ತಳು, ಅಳುತ್ತಲೇ ನಿದ್ದೆ ಹೋದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಬೆಳವಣಿಗೆ ನಿಂತ, ಕಲಿತದ್ದು ಮರೆಯುತ್ತಿರುವ, ಬೆರಳು ನೆಟ್ಟಗಾಗದ, ಮತ್ತೆ ಮತ್ತೆ ಕಿವಿ ಸೋರುವ ಕೂಸು ಇದ್ದರೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. ಎಲ್ಲ ಊರಿನ ಚೀಟಿಗಳನ್ನು ಒಂದೇ ಚೀಲದಲ್ಲಿ ಒಯ್ಯಿರಿ, ಡಾಕ್ಟರು ಕೇಳದಿದ್ದರೂ ಎಲ್ಲವನ್ನೂ ಹೇಳಿ. ಇಂಥ ಕೂಸು ಇರುವ ಮನೆತನದವರು ಹತ್ತಿರದ ಸಂಬಂಧದಲ್ಲಿ ಮದುವೆ ಮಾಡಬೇಡಿ, ಮುಂದಿನ ಮಗುವಿಗೆ ಮೊದಲೇ ಸಲಹೆ ಪಡೆಯಿರಿ. ತಾಯಿಯನ್ನು ಎಂದೂ ದೂರಬೇಡಿ. ಜಂಬಮ್ಮನಿಗೆ ಮಗನ ಕಾಯಿಲೆಯ ಹೆಸರು ತಿಳಿಯಲು ನಾಲ್ಕು ವರ್ಷ ಬೇಕಾಯಿತು. ನೀವು ನಾಳೆಯೇ ಹೊರಡಿ.