ಬಟ್ಟಲು ಹಿಡಿದ ಎಡಗೈ

ನಾಯಿ ಬೊಗಳಲಿಲ್ಲ, ಮೊದಲು ಅನ್ನಿಸಿದ್ದು ಅದೇ, ಅಂಗಳದಲ್ಲಿ ಮೂವರು ಮುದುಕರು, ಒಳಗೆ ಬಂದು ಕುಳಿತರು, ಚಹಾ ಮುಟ್ಟಲಿಲ್ಲ — ಗಿಡುಗ ಎರಡಿದ್ವು ತುರ್ಗನ್‌ಬಾಯ್, ಒಂದು ಹಾರಿಹೋಯ್ತಪ್ಪ, ಮನಸ್ಸು ಗಟ್ಟಿ ಮಾಡ್ಕೋ — ಸಾವನ್ನು ನಮ್ಮಲ್ಲಿ ಹೀಗೆಯೇ ಹೇಳುವುದು, ನಾನೂ ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ, ಎಸೆನ್, ನನ್ನ ಒಬ್ಬನೇ ತಮ್ಮ, ಹೃದಯ ನಿಂತಿತಂತೆ, ಈಗ ಜೀಪಿನ ಕಿಟಕಿಯಾಚೆ ಬಯಲು ಓಡುತ್ತಿದೆ, ಒಣಹುಲ್ಲು, ಒಂಟೆ, ಮತ್ತೆ ಒಣಹುಲ್ಲು, ಮಾರ್ಚಿನಲ್ಲಿ ಇಲ್ಲೆಲ್ಲ ಹಿಮವಿತ್ತು, ಅವನು ಈ ದಾರಿಯಲ್ಲೇ ಬಂದಿದ್ದ, ಕ್ಯೊರಿಸು ಹಬ್ಬಕ್ಕೆ, ಕ್ಯೊರಿಸು ಎಂದರೆ ಮತ್ತೆ ಕಾಣುವುದು, ಚಳಿಗಾಲ ದಾಟಿ ಉಳಿದವರು ಒಬ್ಬರನ್ನೊಬ್ಬರು ಕಾಣುವುದು, ಅಂದು ಕಿರಿಯನು ಹಿರಿಯನ ಮನೆಗೆ ಹೋಗಿ ಎರಡೂ ಕೈ ಚಾಚಬೇಕು, ಹಿರಿಯನು ಎರಡೂ ಕೈಯಿಂದ ಹಿಡಿಯಬೇಕು, ಅಲ್ಲಿಗೆ ಹಳೆಯ ಜಗಳವೆಲ್ಲ ಮುಗಿಯಬೇಕು, ಅವನು ಚಾಚಿದ, ಹಬ್ಬದ ಹಾರೈಕೆ ಹೇಳಿದ — ವಯಸ್ಸಿಗೆ ಇನ್ನೊಂದು ವರ್ಷ ಕೂಡ್ತು ಅಣ್ಣ, ಒಳ್ಳೇದಾಗ್ಲಿ — ಚಳಿಗೆ ಬಿರಿದ ಎರಡು ಅಂಗೈ, ನನ್ನ ಎಡಗೈಯಲ್ಲಿ ಚಹಾದ ಬಟ್ಟಲು, ಕೆಳಗಿಡಬಹುದಿತ್ತು, ಇಡಲಿಲ್ಲ, ಅಪ್ಪನ ಮುದಿ ಒಂಟೆಯನ್ನು ನನ್ನನ್ನು ಕೇಳದೆ ತನ್ನ ಮಗಳ ಮದುವೆಯೂಟಕ್ಕೆ ಕಡಿಸಿದನಲ್ಲ ಎಂಬ ಸಿಟ್ಟು, ಬಲಗೈ ಒಂದನ್ನೇ ಕೊಟ್ಟೆ, ಅವನು ನಕ್ಕ — ಆ ಕೈಗೇನು ಇವತ್ತು ರಜೆನಾ ಅಣ್ಣ? ಇರ್ಲಿ ಬಿಡು, ಬರೋ ವರ್ಷ ಅದನ್ನೂ ಕೊಡುವಿಯಂತೆ — ಬರುವ ವರ್ಷ, ಜೀಪು ನಿಂತಿತು, ಅಯ್ಯೋ ನನ್ನ ತಮ್ಮಾ ಎಂದು ಕೂಗುತ್ತ ಇಳಿಯಬೇಕು, ಇಳಿದೆ, ಕೂಗದೆಯೇ ಒಳಗೆ ನಡೆದೆ, ಸತ್ತವರ ಮನೆಯಲ್ಲಿ ತಬ್ಬಿ ಅಳುವುದಕ್ಕೂ ನಾವು ಅದೇ ಮಾತನ್ನು ಅನ್ನುತ್ತೇವೆ, ಕ್ಯೊರಿಸು, ತಮ್ಮನ ಹೆಂಡತಿ ಗುಲ್ಜಿರಾ ಹಾಡಿ ಹಾಡಿ ಅತ್ತಳು, ಒಂದೇ ಕೈ ಕೊಟ್ಟದ್ದು ಇವಳಿಗೆ ಗೊತ್ತಿರುತ್ತದೆ, ಈಗ ಕೇಳುತ್ತಾಳೆ, ಎಲ್ಲರೆದುರು ಕೇಳಲಿ, ಅದೇ ನ್ಯಾಯ, ಅವಳು ನನ್ನ ಎಡಗೈಯನ್ನು ಮೆಲ್ಲಗೆ ಹಿಡಿದಳು — ಈ ಕೈ ನೋವು ಈಗ ಹೇಗಿದೆ ಬಾವ? ಅಣ್ಣಂಗೆ ಕೈ ಎತ್ತೋಕೇ ಆಗ್ತಿಲ್ಲ ಅಂತ ಹಬ್ಬದ ದಿನ ಬಂದು ಹೇಳಿದ್ರು, ಒಂಟೆ ಕೊಬ್ಬು ಕಾಸಿ ಇಟ್ಟಿದ್ರು ನಿಮಗೆ ಹಚ್ಚೋಕೆ ಅಂತ, ಕಳಿಸೋಕೇ ಆಗ್ಲಿಲ್ಲ ನೋಡಿ — ಒಳಗಿನಿಂದ ಒಂದು ಶೀಶೆ ತಂದಳು, ಯಾವ ನೋವು, ಯಾವ ಕೈ, ಅವನು ಮನೆಯವರ ಮುಂದೆ ನನ್ನ ಮಾನ ಮುಚ್ಚಿದ, ಮುಲ್ಲಾ ಓದಿ ಮುಗಿಸಿದರು, ಎಲ್ಲರೂ ಕೈ ಎತ್ತಿದರು, ನನ್ನವೂ ಎದ್ದವು, ಎರಡೂ, ಖಾಲಿ, ಕಣ್ಣೆದುರಿಗೆ ಅವನ ಬಿರಿದ ಎರಡು ಅಂಗೈ — ದೇವರೇ, ಅವನ ಗೋರಿಯನ್ನು ವಿಶಾಲ ಮಾಡು, ಬೆಳಕು ಕೊಡು, ಅಲ್ಲಿ ಅವನು ಕೈ ಚಾಚಿದಾಗ ನೀನು ಎರಡೂ ಕೈಯಿಂದ ಹಿಡಿದುಕೋ.