ಸಾಯಬಣ್ಣ ಹಾಕಿದ ಗಟ್ಟಿ ಸ್ಪ್ರಿಂಗು

ಮಳೆ ನಿಂತ ಮೇಲೆ ಭಂಕೂರಿನ ಶಾಲೆಯ ಮೈದಾನದಲ್ಲಿ ಗೇಣುದ್ದ ಹುಲ್ಲು ನಿಂತಿತ್ತು. ಸಂಜೆ ನಾಲ್ಕಕ್ಕೆ ಹುಡುಗಿಯರ ಖೋಖೋ ಪಂದ್ಯ. ಹನ್ನೆರಡರೊಳಗೆ ಮೈದಾನ ಸಿದ್ಧವಾಗದಿದ್ದರೆ ಪಂದ್ಯ ಶಹಾಬಾದಿಗೆ ಹೋಗುತ್ತದೆ ಎಂದು ಹೆಡ್‌ಮಾಸ್ತರ ಧೀರೇಂದ್ರ ಹೇಳಿಬಿಟ್ಟಿದ್ದರು. ಹೋದ ವರ್ಷ ಹಾಗೇ ಹೋಗಿತ್ತು. ಹುಡುಗಿಯರು ಅತ್ತಿದ್ದನ್ನು ಊರು ಮರೆತಿರಲಿಲ್ಲ.

ಈ ಸಲ ಕೆಲಸ ಮಹಿಳಾ ಸಂಘದ್ದು. ಸಂಘದ ಹುಲ್ಲು ಕತ್ತರಿಸುವ ಯಂತ್ರ ನಡೆಸುವವಳು ಶಿವಗಂಗಾ. ಬೆಳಿಗ್ಗೆ ಹತ್ತಕ್ಕೆ ಹಗ್ಗ ಎಳೆದಳು.

ಎಂಜಿನ್ ಕಿರುಚಿತು. ವೇಗ ತಗ್ಗಿಸುವ ಕಡ್ಡಿಯನ್ನು ಕೆಳಗೆ ಎಳೆದಳು. ತಗ್ಗಲಿಲ್ಲ. ಹಿಡಿಕೆ ನಡುಗಿ ನಡುಗಿ ಕೈ ಜೋಮು ಹಿಡಿಯಿತು.

ಗಂಡ ಸಾಯಬಣ್ಣ ಕಂಪೌಂಡಿನ ಮೇಲೆ ಕುಳಿತು ನಗುತ್ತಿದ್ದ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಕಲ್ಲು ಕೊಯ್ಯುವ ಮಷಿನ್ ನಡೆಸುವವನು ಅವನು.

"ನಿನ್ನಿ ತನಕ ಬೆಕ್ಕಿನ ಹಾಂಗ ಅಳ್ತಿತ್ತು. ನಾ ಕೈ ಹಚ್ಚಿದ ಮ್ಯಾಲ ನೋಡು, ಹುಲಿ ಹಾಂಗ ಒದರಲಿಕತ್ತದ!"

ಟಣ್! ಯಂತ್ರದಡಿಯಿಂದ ಕಲ್ಲಿನ ಚೂರೊಂದು ಹಾರಿ ಬಿಸಿಯೂಟದ ಕೋಣೆಯ ತಗಡಿಗೆ ಬಡಿಯಿತು. ತಗಡು ತೂತಾಯಿತು.

"ಬಂದ್ ಮಾಡು ಶಿವಗಂಗಾ! ಮೊದ್ಲ ಬಂದ್ ಮಾಡು!" ಗೇಟಿನಿಂದಲೇ ಕೂಗುತ್ತ ಓಡಿಬಂದವಳು ಖುರ್ಷಿದಬೇಗಂ. ಸಂಘದ ಗೆಳತಿ. ವಾಡಿಯಲ್ಲಿ ಎಂಜಿನ್ ರಿಪೇರಿ ಕಲಿತು ಬಂದವಳು.

ಶಿವಗಂಗಾ ಬಂದ್ ಮಾಡಿದಳು. ಬ್ಲೇಡು ಪೂರ್ತಿ ನಿಲ್ಲುವವರೆಗೂ ಖುರ್ಷಿದಬೇಗಂ ಹತ್ತಿರ ಹೋಗಲಿಲ್ಲ. ನಿಂತ ಮೇಲೆ ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತು ದೂರ ಸರಿಸಿದಳು. "ಇದು ಇದ್ರ, ಕೈಲಿ ಬ್ಲೇಡ್ ತಿರುಗಿಸಿದ್ರೂ ಎಂಜಿನ್ ಚಾಲೂ ಆಗಬಹುದು. ಬೆರಳು ಹೋಗ್ತಾವ."

ಸಾಯಬಣ್ಣ ಕೆಳಗಿಳಿದು ಬಂದ. "ಜೋರ್ ಓಡಿದ್ರ ಏನ್ ಕೆಟ್ತು, ಆಪಾ? ನಮ್ಮ ಖಣ್ಯಾಗ ಮಷಿನ್ ಒದರಿದಷ್ಟೂ ಕಲ್ಲು ಜಲ್ದಿ ಕೊಯ್ತದ."

"ನಿಮ್ಮ ಮಷಿನ್ ಹಳಿ ಮ್ಯಾಲ ಓಡ್ತದ, ಅಣ್ಣಾರ. ಇದು ನಿಮ್ಮ ಹೆಂಡ್ತಿ ಕಾಲ ಮುಂದ ಓಡ್ತದ."

ಅವನು ಹೆಂಡತಿಯ ಕಾಲಿನ ಕಡೆ ನೋಡಿದ.

ಖುರ್ಷಿದಬೇಗಂ ಮೊದಲು ವೇಗದ ಕಡ್ಡಿಯ ತಂತಿ ನೋಡಿದಳು. ಸರಾಗವಾಗಿ ಜಾರುತ್ತಿತ್ತು. ಎಂಜಿನ್ನಿನ ಪಕ್ಕದಲ್ಲಿ ಬಿಳಿ ಧೂಳು ಹೆಪ್ಪುಗಟ್ಟಿತ್ತು.

"ಮಷಿನ್ ಎಲ್ಲಿ ಇಟ್ಟಿದ್ರಿ?"

"ಇವರ ಕಲ್ಲು ಪಾಲಿಶ್ ಶೆಡ್ಡಿನಾಗ," ಎಂದಳು ಶಿವಗಂಗಾ.

"ಅದಕ್ಕ ಫರ್ಸಿ ಹಿಟ್ಟು ಮೆತ್ಗೊಂಡದ." ಹಳೆಯ ಬ್ರಶ್ಶಿನಿಂದ ತಿಕ್ಕಿ ತೆಗೆದಳು. ಒಳಗಿನ ಸಣ್ಣ ತೋಳನ್ನು ಬೆರಳಿನಿಂದ ತಳ್ಳಿದಳು. ಕಷ್ಟದಿಂದ ಅಲುಗಿತು. ಅದಕ್ಕೆ ಬೆರಳು ದಪ್ಪದ ಸ್ಪ್ರಿಂಗೊಂದು ಸಿಕ್ಕಿಸಿತ್ತು.

"ಇದು ಯಾರ ಕೆಲಸ?"

"ನಂದೇ. ಹಳೇದು ಕೂದಲೆಳಿ ಹಾಂಗ ಇತ್ತು. ಮಷಿನ್ ಘಡಿಘಡಿ ಬಂದ್ ಬೀಳ್ತಿತ್ತು. ಖಣಿ ಮಷಿನಿಂದು ಗಟ್ಟಿದು ತಂದು ಹಾಕೀನಿ."

"ಈ ತೋಳು ಗವರ್ನರ್‌ದು ಅಣ್ಣಾರ, ಎಂಜಿನಿನ ಲಗಾಮು. ಓಟ ಹೆಚ್ಚಾದ್ರ ಗವರ್ನರ್ ಪೆಟ್ರೋಲಿನ ಬಾಗಲಾ ಮುಚ್ಚಲಿಕ್ಕ ನೋಡ್ತದ. ಸ್ಪ್ರಿಂಗ್ ತೆರೀಲಿಕ್ಕ ಜಗ್ತದ. ಇಬ್ಬರೂ ಸಮ ಇರಬೇಕು. ನೀವು ಒಂದ್ ಕಡಿ ಪೈಲ್ವಾನನ್ನ ನಿಲ್ಲಿಸೀರಿ. ಹಿಂಗ ಓಡಿದ್ರ ಒಂದಿನ ಎಂಜಿನ್ ಒಡೀತದ, ಇಲ್ಲಾ ಬ್ಲೇಡ್ ಹಾರ್ತದ. ಹಳೇ ಸ್ಪ್ರಿಂಗ್ ಎಲ್ಲದ?"

ಸಾಯಬಣ್ಣ ಅಂಗಿಯ ಕಿಸೆಗೆ ಕೈಹಾಕಿ ಮೋಟರ್‌ಸೈಕಲ್ಲಿನ ಚಾವಿ ತೆಗೆದ. ಅದರ ತುದಿಯಲ್ಲಿ ಹಳೆಯ ಸ್ಪ್ರಿಂಗು ತೂಗುತ್ತಿತ್ತು.

ಶಿವಗಂಗಾ ನಕ್ಕಳು. "ಮಷಿನಿನ ಲಗಾಮು ಕಿಸೇದಾಗ ಇಟ್ಕೊಂಡು ತಿರುಗ್ಯಾಡ್ಲಿಕತ್ತೀರಲ್ರೀ!"

ಸ್ಪ್ರಿಂಗು ಹಿಗ್ಗಿರಲಿಲ್ಲ. ಖುರ್ಷಿದಬೇಗಂ ಗಟ್ಟಿ ಸ್ಪ್ರಿಂಗು ಬಿಚ್ಚಿ, ಹಳೆಯದನ್ನು ಮೊದಲಿದ್ದ ತೂತಿಗೇ ಸಿಕ್ಕಿಸಿದಳು. "ತೂತು ಬದಲಾದ್ರ ಓಟಾನೂ ಬದಲಾಗ್ತದ." ಆಮೇಲೆ ಏರ್ ಫಿಲ್ಟರ್ ಮೇಲೆ ಬರುವಂತೆ ಯಂತ್ರವನ್ನು ವಾಲಿಸಿದಳು. ಅಡಿಯಲ್ಲಿ ಹಸಿ ಹುಲ್ಲು ಉಂಡೆಗಟ್ಟಿತ್ತು, ಕೆರೆದು ತೆಗೆದಳು. ಬ್ಲೇಡು ಮೊಂಡಾಗಿತ್ತು. "ಘಡಿಘಡಿ ಬಂದ್ ಬೀಳ್ತಿದ್ದದ್ದು ಇದಕ್ಕ. ಧಾರ ಹಿಡಿಯೋದು ನಿಮಗ ಗೊತ್ತದ, ಅಣ್ಣಾರ. ಬಿರುಕು ಏನರೆ ಬಿಟ್ಟದೇನು ನೋಡ್ರಿ. ಎರಡೂ ಬದಿ ತೂಕ ಸಮ ಇರಲಿ."

ಸಾಯಬಣ್ಣ ಬ್ಲೇಡು ಬಿಚ್ಚಿಕೊಂಡು ಶೆಡ್ಡಿಗೆ ಓಡಿದ. ಓಡಿಯೇ ಬಂದ. ಬಿರುಕಿರಲಿಲ್ಲ. ಬ್ಲೇಡು ಹೊಳೆಯುತ್ತಿತ್ತು. ಖುರ್ಷಿದಬೇಗಂ ಅದನ್ನು ಬಿಗಿದು, ಪ್ಲಗ್ಗಿನ ವೈರು ಮತ್ತೆ ಸಿಕ್ಕಿಸಿದಳು.

ಶಿವಗಂಗಾ ಮೈದಾನದ ಕಲ್ಲುಗಳನ್ನೆಲ್ಲ ಆರಿಸಿ ಹಗ್ಗ ಎಳೆದಾಗ ಹನ್ನೊಂದು. ಎಂಜಿನ್ ಗುರುಗುಟ್ಟಿತು. ಕಡ್ಡಿ ಇಳಿಸಿದರೆ ಇಳಿಯಿತು, ಏರಿಸಿದರೆ ಏರಿತು. ಹುಲ್ಲು ಮಲಗುತ್ತ ಹೋಯಿತು. ಒಂದು ಸಾಲು, ಮತ್ತೊಂದು ಸಾಲು, ಇಡೀ ಮೈದಾನ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಧೀರೇಂದ್ರ ಮಾಸ್ತರು ಸುಣ್ಣದ ಬಕೆಟ್ ಹಿಡಿದು ಗೆರೆ ಎಳೆಯಲು ಬಂದರು.

ನಾಲ್ಕಕ್ಕೆ ಭಂಕೂರಿನಲ್ಲೇ ಸೀಟಿ ಮೊಳಗಿತು. ಹುಡುಗಿಯರು ಬರಿಗಾಲಲ್ಲಿ ಹಾರಿದರು.

ಪಂದ್ಯ ನೋಡಲು ಬಂದಿದ್ದ ಖಣಿಯ ಗೆಳೆಯ ಗುಲಾಮ್ ರಸೂಲ್ ಸಾಯಬಣ್ಣನನ್ನು ಕೇಳಿದ: "ನಿಮ್ಮ ಮಷಿನ್ ಮುಂಜಾನಿ ಒದರಲಿಕತ್ತಿತ್ತು. ಆಮ್ಯಾಲ ಯಾಕ ಸಣ್ಣಗಾಯ್ತು?"

"ಒದರೋದು ಕೆಲಸಲ್ಲೋ," ಎಂದ ಸಾಯಬಣ್ಣ. "ಮೈದಾನ ನೋಡು."

ಅಕ್ಕ ಅಣ್ಣಂದಿರೇ, ನಿಮ್ಮ ಯಂತ್ರ ಕಿರುಚಿದರೆ ಅದನ್ನು ಶಕ್ತಿ ಎಂದು ನಂಬಬೇಡಿ. ತಕ್ಷಣ ನಿಲ್ಲಿಸಿ, ಪ್ಲಗ್ಗಿನ ವೈರು ತೆಗೆಯಿರಿ. ತಂತಿ, ಧೂಳು, ಸ್ಪ್ರಿಂಗು ನೋಡಿ. ಗವರ್ನರಿಗೆ ಕಂಡಕಂಡ ಸ್ಪ್ರಿಂಗು ಹಾಕಬೇಡಿ, ಅದರ ತೋಳು ಬಗ್ಗಿಸಬೇಡಿ. ತಿಳಿಯದಿದ್ದರೆ ಬಲ್ಲವರನ್ನು ಕೇಳಿ, ಕೇಳಲು ನಾಚಿಕೆ ಬೇಡ. ಇವತ್ತೇ ಹೋಗಿ ನಿಮ್ಮ ಕಿಸೆ ಮುಟ್ಟಿ ನೋಡಿ: ಯಾವ ಯಂತ್ರದ ಲಗಾಮು ಅಲ್ಲಿದೆ?